ಮಗ್ಗದ ಕುಣಿಯ ಹುಳ

ಚೇಳಾಗಿದ್ದರೆ ಮುಂದೆ ಇಕ್ಕಳದಂಥ ಎರಡು ಕೈ ಇರಬೇಕಿತ್ತು. ಇದಕ್ಕೆ ಇಲ್ಲ. ಇರುವೆಯಾಗಿದ್ದರೆ ಹೀಗೆ ಬಾಲ ಎತ್ತಿ ಬೆದರಿಸುತ್ತಿರಲಿಲ್ಲ. ಜಿರಳೆ ಎನ್ನೋಣವೆಂದರೆ ಮೈ ಇಷ್ಟು ಸಪೂರ, ರೆಕ್ಕೆ ಇಷ್ಟು ಗಿಡ್ಡ. ಹಾಗಾದರೆ ಇದು ಏನು? ಕಚ್ಚುತ್ತದೆಯೋ, ಕುಟುಕುತ್ತದೆಯೋ, ಇಲ್ಲ ಎರಡನ್ನೂ ಮಾಡುತ್ತದೆಯೋ?

ರೇವಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈಯಲ್ಲಿ ಲಾಳಿ ಹಿಡಿದು, ತನ್ನ ಬಲಗಾಲ ಹೆಬ್ಬೆರಳಿನಿಂದ ಒಂದು ಗೇಣು ಆಚೆ ನಿಂತಿದ್ದ ಆ ಕರಿಯ ಹುಳವನ್ನು ನೋಡುತ್ತ ಕೂತುಬಿಟ್ಟ. ಬನಹಟ್ಟಿಯ ಮಗ್ಗಗಳೆಲ್ಲ ನೆಲದಲ್ಲಿ ಹೂತವು. ನೇಕಾರ ನೆಲದ ಮಟ್ಟಕ್ಕೆ ಕೂತು, ಕಾಲನ್ನು ಕುಣಿಯೊಳಗೆ ಬಿಟ್ಟು, ಕೆಳಗಿನ ಹಲಗೆ ತುಳಿಯಬೇಕು. ಹೀಗಾಗಿ ನೇಕಾರನ ಅರ್ಧ ಮೈ ಮಾತ್ರ ಅವನ ಕಣ್ಣೆದುರಿಗೆ ಇರುತ್ತದೆ. ಉಳಿದರ್ಧ ಕತ್ತಲಿನ ವಶದಲ್ಲಿರುತ್ತದೆ. ಆ ಕತ್ತಲಲ್ಲಿ ಏನಿದೆ ಎಂದು ಹನ್ನೊಂದು ವರ್ಷಗಳಲ್ಲಿ ರೇವಪ್ಪ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಇವತ್ತು ನೋಡಿದ್ದ. ಇವತ್ತೇ ನೋಡಬಾರದಿತ್ತು.

ಮಗ್ಗದ ಮೇಲೆ ಹಸಿರು ಸೀರೆಯೊಂದು ಮುಗಿಯುತ್ತ ಬಂದಿತ್ತು. ರಬಕವಿಯ ಜಿನ್ನಪ್ಪ ಸಾವಕಾರರ ಮಗಳು ಕಮಲಾಬಾಯಿ ಚೊಚ್ಚಲ ಬಸುರಿ. ಏಳು ತಿಂಗಳು ತುಂಬಿ, ನಾಳೆ ತವರಿನಲ್ಲಿ ಕುಬಸ. ಸೀರೆ ಅವಳಿಗೆ. ಒಡಲು ನೇಯ್ದು ಆಗಿತ್ತು. ಕೆಂಪು ರೇಷ್ಮೆಯ ಸೆರಗು ಇನ್ನೊಂದು ಮೊಳ ಉಳಿದಿತ್ತು. ಸಾವಕಾರರು ನೂಲು ಕೊಡುವಾಗ ಹೇಳಿದ್ದರು: "ಸೆರಗು ಮನಸ್ಸಿಗೆ ಬಂತಂದ್ರ ಇನ್ನ ಮುಂದ ನಮ್ಮ ರೇಷ್ಮಿ ಕೆಲಸೆಲ್ಲಾ ನಿನ್ನ ಮಗ್ಗಕ್ಕ, ರೇವಪ್ಪಾ. ಆದರ ಶನಿವಾರ ಹೊತ್ತು ಇಳಿಯೂದ್ರಾಗ ಕೊಡಬೇಕು."

ಹನ್ನೊಂದು ವರ್ಷ ಒರಟು ನೂಲು ನೇಯ್ದ ಕೈಗೆ ಅದು ಮೊದಲ ರೇಷ್ಮೆ. ರೇವಪ್ಪನ ಕೈ ನಿಧಾನ, ಆದರೆ ನೇಯ್ಗೆ ಒತ್ತು. ಪಕ್ಕದ ಮನೆಯ ಶಿದ್ರಾಮಪ್ಪನ ಕೈ ಚುರುಕು, ನೇಯ್ಗೆ ಸ್ವಲ್ಪ ಸಡಿಲು. ಅವನೂ ಈ ರೇಷ್ಮೆ ಕೆಲಸಕ್ಕೆ ಎರಡು ವರ್ಷದಿಂದ ಕಣ್ಣಿಟ್ಟಿದ್ದ. ಯಾರೂ ಹೇಳದಿದ್ದರೂ ತನ್ನ ಮಗ್ಗದ ಮೇಲೆ ಅಂಥದೇ ಒಂದು ಹಸಿರು ಸೀರೆ ನೇಯ್ದು ಮುಗಿಸಿದ್ದ. ಇರಲಿ ಎಂದು.

ಹುಳ ಬಾಲವನ್ನು ಇನ್ನಷ್ಟು ಮೇಲೆತ್ತಿತು. ಆಮೇಲೆ ಹೆಬ್ಬೆರಳಿನ ಕಡೆಗೆ ಓಡಿ ಬಂತು.

"ಚೇಳ! ಚೇಳೋ!"

ರೇವಪ್ಪ ಕುಣಿಯಿಂದ ಹೇಗೆ ಹೊರಬಂದನೋ ಅವನಿಗೇ ತಿಳಿಯಲಿಲ್ಲ. ಲಾಳಿ ಒಲೆಯ ಹತ್ತಿರ ಹೋಗಿ ಬಿತ್ತು. ಮೂಲೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಡತಿ ಶೇವಂತಿ ರಾಟೆ ಬಿಟ್ಟು ಎದ್ದಳು. ಓಣಿಯಲ್ಲಿ ಒಂದೊಂದೇ ಮಗ್ಗದ ಸದ್ದು ನಿಂತಿತು. ಆ ಓಣಿಯಲ್ಲಿ ಮಗ್ಗದ ಸದ್ದು ನಿಂತರೆ ಯಾರೋ ಸತ್ತಿರಬೇಕು, ಇಲ್ಲವೇ ಜಮಖಂಡಿ ಸಂಸ್ಥಾನದ ಸಾಹೇಬರು ಯಾರೋ ಬಂದಿರಬೇಕು. ಎರಡರಲ್ಲಿ ಯಾವುದೆಂದು ನೋಡಲು ಜನ ಓಡಿ ಬಂದರು.

ಮೊದಲು ಬಂದವನು ಶಿದ್ರಾಮಪ್ಪ. ಅವನು ಹೊಸ್ತಿಲ ಮೇಲೆ ಒಂದು ಕಾಲು, ಒಳಗೊಂದು ಕಾಲು ಇಟ್ಟು, ಕುಣಿಯ ಕಡೆ ಕತ್ತು ಚಾಚಿ ನಿಂತ. ಆ ಗಳಿಗೆಯಲ್ಲೇ ಹುಳ ಕುಣಿಯ ಗೋಡೆ ಹತ್ತಿ ಮೇಲೆ ಬಂತು. ನೆಲವನ್ನು ಅಡ್ಡ ದಾಟಿ, ಶಿದ್ರಾಮಪ್ಪನ ಎರಡು ಕಾಲುಗಳ ನಡುವೆ ಹಾದು, ಹೊಸ್ತಿಲಿನಿಂದ ಕೆಳಗಿಳಿದು ಬೀದಿಯ ಧೂಳಿನಲ್ಲಿ ಹೊರಟುಹೋಯಿತು. ಬೆಳಕಿನಲ್ಲಿ ನೋಡಿದರೆ ಅದು ಜೋಳದ ಎರಡು ಕಾಳು ಜೋಡಿಸಿಟ್ಟಷ್ಟು ಉದ್ದವೂ ಇರಲಿಲ್ಲ.

ರೇವಪ್ಪ ನೋಡಿದ. "ಹೋತು" ಎನ್ನಲು ಬಾಯಿ ತೆರೆದ.

"ಅಗಾ! ಅಲ್ಲೈತಿ ನೋಡ್ರಿ, ಮೂಲ್ಯಾಗ! ಬಾಲ ಅಳ್ಳಾಡಸಾಕತ್ತೈತಿ!" ಎಂದು ಎದುರು ಮನೆಯ ಮುದಕವ್ವ ಕಿರುಚಿದಳು. ಮುದಕವ್ವನ ಒಂದು ಕಣ್ಣಿಗೆ ಪರೆ ಬಂದಿತ್ತು. ಇನ್ನೊಂದು ಕಣ್ಣು ಮೊದಲಿನದಕ್ಕೆ ಜೊತೆ ಕೊಡುತ್ತಿತ್ತು. ಅವಳು ತೋರಿಸಿದ ಮೂಲೆಯಲ್ಲಿ ಕರಿ ನೂಲಿನ ತುಂಡೊಂದು ಬಿದ್ದಿತ್ತು.

"ಎಷ್ಟುದ್ದ ಐತಿ ಬೇ?"

"ನನ್ನ ಕಿರಿಬೆರಳಷ್ಟು ಐತಿ."

ರೇವಪ್ಪ ಬಾಯಿ ಮುಚ್ಚಿದ. ಅದಕ್ಕೆ ಕಾರಣವಿತ್ತು. ಓಣಿಯಲ್ಲಿ ಮೂವರು ರೇವಪ್ಪಂದಿರಿದ್ದರು. ಹೋದ ವರ್ಷ ಇವನ ಹೆಗಲ ಮೇಲೆ ಹಲ್ಲಿ ಬಿದ್ದಾಗ ಇವನು ಕೂಗಿದ ಕೂಗು ರಬಕವಿಗೆ ಕೇಳಿಸಿತ್ತಂತೆ. ಅಂದಿನಿಂದ ಇವನು ಹಲ್ಲಿ ರೇವಪ್ಪ. ಹಲ್ಲಿಯಾದರೂ ಗೇಣುದ್ದ ಇತ್ತು. ಈಗ, ಜೋಳದ ಕಾಳಿನಷ್ಟು ಹುಳವೊಂದಕ್ಕೆ ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದೆ, ಅದೂ ಹೊರಟುಹೋಯಿತು ಎಂದರೆ ಹಲ್ಲಿಯೇ ಎಷ್ಟೋ ಮೇಲು ಎನ್ನುವಂಥ ಹೆಸರು ಬರುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದು, ಇವರೆಲ್ಲ ಚದುರಿದ ಮೇಲೆ ಕುಣಿಗೆ ಇಳಿದರಾಯಿತು ಎಂದುಕೊಂಡ.

"ಎಲ್ಲಿ ಹೋದೀತು? ಕುಣ್ಯಾಗ ಬಿದ್ದದ್ದು ಕುಣ್ಯಾಗ ಇರತೈತಿ," ಎಂದ ಶಿದ್ರಾಮಪ್ಪ. ಯಾರ ಮುಖವನ್ನೂ ನೋಡದೆ ಹೇಳಿದ.

ಜನ ಚದುರಲಿಲ್ಲ. ಇನ್ನಷ್ಟು ಬಂದರು. ಬಂದವರಿಗೆಲ್ಲ ಮುದಕವ್ವ ಹುಳ ತೋರಿಸಿದಳು. ಎಂಟು ಗಂಟೆಯ ಹೊತ್ತಿಗೆ ಅದು ಅವಳ ಹೆಬ್ಬೆರಳಷ್ಟಾಗಿತ್ತು. ಅಷ್ಟರಲ್ಲಿ ಯಾರೋ ಹೋಗಿ ಅಮಸಿದ್ದಪ್ಪನನ್ನು ಕರೆತಂದರು. ಸುತ್ತಲಿನ ಏಳೂರಿನಲ್ಲಿ ಚೇಳಿನ ವಿಷ ಇಳಿಸಲು ಮಂತ್ರ ಹಾಕುವವನು ಅವನೊಬ್ಬನೇ. ಅವನು ಕುಣಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ರೇವಪ್ಪನನ್ನು ಕೇಳಿದ.

"ಕಡದೈತೇನು?"

"ಇಲ್ಲ."

ಅಮಸಿದ್ದಪ್ಪನಿಗೆ ನಿರಾಸೆಯಾಯಿತು. "ಕಡದಿದ್ದರ ಛಲೋ ಆಗತಿತ್ತು. ಉರಿ ಎಲ್ಲಿತನಕಾ ಏರೈತಿ ನೋಡಿ ಯಾವ ಜಾತೀದು ಅಂತ ಹೇಳಿಬಿಡತಿದ್ದೆ. ಈಗರೆ ಏನಾತು, ಒಮ್ಮೆ ಕಾಲ ಇಳಿಬಿಡು. ಕಡೀಲಿ. ನಾ ಇದ್ದೇನಲ್ಲ."

ರೇವಪ್ಪನಿಗೆ ಅದು ಒಳ್ಳೆಯ ಮಾತೆನಿಸಿತು. ಕಾಲು ಇಳಿಬಿಟ್ಟರೆ ನೇಯಲೂಬಹುದು. ಅವನು ಮುಂದೆ ಬಂದು ಒಂದು ಕಾಲು ಇಳಿಸಿದ್ದೇ ತಡ, ನಾಲ್ಕು ಜನ ಹಿಂದಿನಿಂದ ರಟ್ಟೆ ಹಿಡಿದು ಎಳೆದರು.

"ಲೇ, ತಲೀ ಗಿಲೀ ಕೆಟ್ಟೈತೇನು? ಹೆಂಡತಿ ಮಕ್ಕಳ ಮಾರಿ ನೋಡು!"

"ಮಕ್ಕಳ ಇಲ್ಲಲ್ಲೋ ಅವಗ."

"ಇಲ್ಲದಿದ್ರ ಏನಾತು, ಹೆಂಡತಿ ಮಾರಿ ನೋಡಲಿ."

ರೇವಪ್ಪ ಹೆಂಡತಿಯ ಮುಖ ನೋಡಿದ. ಶೇವಂತಿ ಸೀರೆಯ ಸೆರಗನ್ನು ನೋಡುತ್ತಿದ್ದಳು, ಉಟ್ಟದ್ದಲ್ಲ, ಮಗ್ಗದ ಮೇಲಿನದು.

ಅಮಸಿದ್ದಪ್ಪ ಎರಡನೆಯ ಉಪಾಯ ಹೇಳಿದ: ಕುಣಿಯಲ್ಲಿ ಕೆಂಡ ಇಳಿಸಿ ಒಣ ಮೆಣಸಿನಕಾಯಿ ಹೊಗೆ ಹಾಕುವುದು. ಆಗ ಶೇವಂತಿ ಅಡ್ಡ ಬಂದು ನಿಂತಳು. "ನಾಳೆ ಕುಬಸಕ್ಕ ಉಡೂ ಸೀರಿ ಅದು. ಮೆಣಸಿನಕಾಯಿ ಹೊಗಿ ಕುಡಸಿ ಕೊಟ್ಟರ ಕಮಲಾಬಾಯಾರು ಆರತಿ ಮಾಡಸ್ಕೊಳ್ಳೂದು ಬಿಟ್ಟು ಸೀನಕೋತ ಕೂಡಬೇಕೇನು?" ಮಂತ್ರವಾದಿ ಮೂರನೆಯದಕ್ಕೆ ಬಂದ. ಒಲೆಯ ಬೂದಿಯನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಬಾಯಲ್ಲಿ ಮಣಮಣ ಎನ್ನುತ್ತ ಕುಣಿಯ ಸುತ್ತ ಗೆರೆ ಎಳೆದ.

"ಇನ್ನ ಅದು ಹೊರಗ ಬರಂಗಿಲ್ಲ. ಹೊರಗಿನವರು ಒಳಗ ಹೋಗಂಗಿಲ್ಲ," ಎಂದು ಹೇಳಿ ತಂಬಾಕು ತಿನ್ನಲು ಕಟ್ಟೆಗೆ ಹೋದ.

ರೇವಪ್ಪ ಬೂದಿಗೆರೆಯ ಈಚೆ ನಿಂತು ತನ್ನ ಮಗ್ಗವನ್ನು ದೂರದ ಊರನ್ನು ನೋಡುವಂತೆ ನೋಡಿದ. ನಿಜ ಹೇಳುವುದು ಬೆಳಿಗ್ಗೆ ಸುಲಭವಿತ್ತು, ಬರೀ ನಾಚಿಕೆಯಾಗುತ್ತಿತ್ತು. ಈಗ ಮುದಕವ್ವ ಕಂಡದ್ದು ಸುಳ್ಳು, ಅಮಸಿದ್ದಪ್ಪನ ಮಂತ್ರ ಖಾಲಿ ಕುಣಿಗೆ, ಎಂದೆಲ್ಲ ಸೇರಿಸಿ ಹೇಳಬೇಕಾಗಿತ್ತು. ಆಡದೆ ಇಟ್ಟುಕೊಂಡ ಮಾತು ಅವನೊಳಗೆ ನೆನೆಹಾಕಿದ ಕಡಲೆಯಂತೆ ಉಬ್ಬುತ್ತಿತ್ತು.

ಶನಿವಾರವಾದ್ದರಿಂದ ಬೆಳಗಿನ ಶಾಲೆ. ಹನ್ನೊಂದಕ್ಕೆ ಅದು ಬಿಟ್ಟಿತು, ಹನ್ನೊಂದೂ ಕಾಲಿಗೆ ಗುಂಡೋಪಂತ ಮಾಸ್ತರರು ಬಂದರು. ಕಂಕುಳಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕ. ಮಾಸ್ತರರು ಪುಣೆಯಲ್ಲಿ ಒಂದು ವರ್ಷ ಕೃಷಿ ಓದಿ, ಪರೀಕ್ಷೆಗೂ ತಮಗೂ ಸರಿಬರದೆ ಊರಿಗೆ ಮರಳಿದವರು. ಕೀಟಗಳ ಚಿತ್ರವಿದ್ದ ಆ ಪುಸ್ತಕವೂ ಅವರೊಂದಿಗೆ ಮರಳಿತ್ತು. ಏಳು ವರ್ಷದಿಂದ ಅದು ಅವರ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ಭಾರವಾಗಿ ಕೂತಿತ್ತು. ಇವತ್ತು ಅದರ ದಿನ ಬಂದಿತ್ತು.

"ಎಲ್ಲಾರೂ ಸರೀರಿ. ಶಾಸ್ತ್ರೋಕ್ತ ಪರೀಕ್ಷಾ ಆಗಬೇಕು," ಎಂದರು ಮಾಸ್ತರರು. ಬಗ್ಗಿ ಕುಣಿ ನೋಡಿದರು, ಕತ್ತಲಿತ್ತು. "ಹುಳ ಕಾಣವಲ್ದು. ಇರಲಿ, ನೋಡಿದವನ ಸಾಕ್ಷಿ ಸಾಕು. ರೇವಪ್ಪಾ, ಅದಕ್ಕ ಕಾಲೆಷ್ಟು?"

"ಎಣಸಲಿಲ್ರಿ. ನನ್ನವೆರಡು ಮ್ಯಾಲ ಎತಗೊಳ್ಳೂ ಗದ್ದಲದಾಗ ಇದ್ದೆ."

"ರೆಕ್ಕಿ?"

"ಇದ್ದೂರಿ. ಆದರ ಗಿಡ್ಡ. ಕಚೇರಿ ಕಾರಕೂನರು ಧೋತರದ ಮ್ಯಾಲ ಹಾಕ್ಕೋತಾರಲ್ರಿ ಕೋಟು, ಹಂಗ ನಡಕ್ಕ ನಿಂತಿದ್ದೂ. ಅದರ ಕೆಳಗ ಮೈಯೆಲ್ಲಾ ಬಯಲರಿ."

ಮಾಸ್ತರರ ಕಣ್ಣು ಅರಳಿತು. ಪುಟ ತಿರುವತೊಡಗಿದರು. "ಬಾಲ ಎತ್ತಿತ್ತೇನು?"

"ಎತ್ತಿತ್ರಿ."

"ಭಾಳ ಜೋರ ಓಡತಿತ್ತೇನು?"

"ಭಾಳ ಜೋರರಿ," ಎಂದ ರೇವಪ್ಪ. ಎಷ್ಟು ಜೋರು, ಯಾವ ಕಡೆಗೆ ಎಂಬುದನ್ನು ಮಾಸ್ತರರು ಕೇಳಲಿಲ್ಲ.

"ಬಣ್ಣ? ಬಣ್ಣ ಮುಖ್ಯ. ಇದರಾಗ ಸಾವಿರ ಬಗಿ ಅವ."

ಬಣ್ಣದ ಮಾತು ಬಂದಾಗ ನೇಕಾರನಿಗೆ ಅಭಿಮಾನ ಬರುತ್ತದೆ. ರೇವಪ್ಪ ಎದೆ ಸೆಟೆಸಿ ಹೇಳಿದ. "ಕರೇದರಿ. ತಲಿಯಿಂದ ಬಾಲದತನಕಾ ಪೂರಾ ಕರೇದು. ಒಂದೆಳಿ ಸೈತ ಬ್ಯಾರೆ ಬಣ್ಣ ಇರಲಿಲ್ಲ. ಬಣ್ಣದಾಗ ನನ್ನ ಕಣ್ಣ ತಪ್ಪೂದಿಲ್ರಿ."

ಮಾಸ್ತರರು ಅದನ್ನು ವಹಿಯಲ್ಲಿ ಬರೆದು, ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಒಂದು ಚಿತ್ರ ತೋರಿಸಿದರು. ರೇವಪ್ಪ ಬಗ್ಗಿ ನೋಡಿದ. ಅದೇ ಗಿಡ್ಡ ಕೋಟು, ಅದೇ ಎತ್ತಿದ ಬಾಲ. "ಇದ ರೀ! ಖರೇನ ಇದ!"

"ಸಿಕ್ತು!" ಮಾಸ್ತರರು ಪುಸ್ತಕವನ್ನು ಎತ್ತಿ ಹಿಡಿದರು. "ಕೇಳ್ರಿ ಎಲ್ಲಾರೂ. ಇದು ಚೇಳಲ್ಲ. ಇಂಗ್ಲಿಷಿನ್ಯಾಗ ಇದಕ್ಕ ರೋವ್ ಬೀಟಲ್ ಅಂತಾರ. ನಮ್ಮ ಮಾತಿನ್ಯಾಗ ಅಡ್ಡಾಡೂ ಹುಳ ಅಂತ ತಿಳ್ಕೋರಿ. ಕೊಂಡಿ ಇಲ್ಲ, ವಿಷ ಇಲ್ಲ. ಬಾಲ ಎತ್ತೂದು ಬರೇ ಅಂಜಸ್ಲಿಕ್ಕೆ. ಸಗಣಿ ತಿಪ್ಪ್ಯಾಗ, ಹಸಿ ಮಣ್ಣಿನ್ಯಾಗ ಇರ್ತದ, ಸಣ್ಣ ಸಣ್ಣ ಹುಳಾ ತಿಂತದ. ಬಟ್ಟಿ ಮುಟ್ಟೂದಿಲ್ಲ. ಮನ್ಯಾಗ ಕಂಡರ ದಾರಿ ತಪ್ಪಿ ಬಂದದ ಅಂತ ಅರ್ಥ."

ಕಟ್ಟೆಯ ಮೇಲಿಂದ ಅಮಸಿದ್ದಪ್ಪ ಉಗುಳಿದ. "ಕೊಂಡಿ ಇಲ್ಲದಿದ್ರ ನಾ ಮಂತ್ರಾ ಯಾಕ ಹಾಕಿದ್ನಿ?"

"ಅದು ಪುಸ್ತಕದಾಗ ಇಲ್ಲ," ಎಂದರು ಮಾಸ್ತರರು. ಆಮೇಲೆ ಒಂದು ತಾಸು ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು.

ಅದು ಮುಗಿದಾಗ ರೇವಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊತ್ತು ಇನ್ನೂ ಇತ್ತು. ಒಂದು ಮೊಳ ಸೆರಗಿಗೆ ಎರಡೂವರೆ ತಾಸು ಸಾಕು. "ಹಂಗಾರ ಇಳೀಲೇನ್ರಿ ಮಾಸ್ತರ್ರ?"

"ಧಾರಾಳ ಇಳಿ. ಪಾಪದ ಹುಳ ಅದು, ಏನೂ ಮಾಡಂಗಿಲ್ಲ."

ರೇವಪ್ಪ ಬೂದಿಗೆರೆಯನ್ನು ಕಾಲಿನಿಂದ ಒರೆಸಿದ. ಲಾಳಿ ತೆಗೆದುಕೊಂಡ. ಕುಣಿಯ ಅಂಚಿಗೆ ಕೂತ. ಓಣಿಯ ತುದಿಯಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು.

ಜಿನ್ನಪ್ಪ ಸಾವಕಾರರು ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರು ಎಲ್ಲದಕ್ಕೂ ಸ್ವಲ್ಪ ಮೊದಲೇ ಹೊರಡುತ್ತಾರೆ. ಅವರು ಒಳಗೆ ಬಂದು, ಗುಂಪು ನೋಡಿ, ಸಂಗತಿ ಕೇಳಿದರು. ಆರು ಜನ ಒಟ್ಟಿಗೇ ಹೇಳಿದರು. ಸಾವಕಾರರು ಎಲ್ಲ ಕೇಳಿಸಿಕೊಂಡು ಮಾಸ್ತರರ ಕಡೆ ತಿರುಗಿದರು.

"ಹೆಸರು ಏನರೆ ಇರಲಿ, ಮಾಸ್ತರ. ಅದಕ್ಕ ಇಂದ್ರಿಯ ಎಷ್ಟು?"

"ಆರು ಕಾಲು ಅವರಿ."

"ಕಾಲ ಕೇಳಲಿಲ್ಲ ನಾ. ಕಣ್ಣು ಅದಾವೇನು?"

ಮಾಸ್ತರರು ಚಿತ್ರ ನೋಡಿದರು. "ಅವರಿ."

"ಅಂದರ ನಾಲ್ಕು ಇಂದ್ರಿಯದ ಜೀವ," ಎಂದು ಸಾವಕಾರರು ಕಿವಿಯ ಕಡೆಗೊಮ್ಮೆ ಕೈ ತೋರಿಸಿದರು. "ಕಿವಿ ಒಂದು ಇದ್ದಿದ್ರ ಅದೂ ನಮ್ಮಂಗನ. ಏಳು ರೇವಪ್ಪಾ, ಕಾಲ ಮ್ಯಾಲ ತಗೋ."

"ಸಾವಕಾರ್ರ, ಅದು ಏನೂ ಮಾಡಂಗಿಲ್ಲಂತ್ರಿ. ಪುಸ್ತಕದಾಗ ಐತಂತ್ರಿ."

"ಅದು ನಿನಗ ಏನೂ ಮಾಡಂಗಿಲ್ಲಪ್ಪಾ. ನೀ ಅದಕ್ಕ ಏನು ಮಾಡ್ತಿ? ಕತ್ತಲದಾಗ ಕಾಲ ತುಳಿಯಾಕತ್ತರ ಅದು ಉಳೀತೈತೇನು? ನನ್ನ ಮಗಳ ಹೊಟ್ಟ್ಯಾಗ ಒಂದು ಜೀವ ಬೆಳಿಯಾಕತ್ತೈತಿ. ಆಕಿ ಉಡೂ ಸೀರಿ ಸಲುವಾಗಿ ಇನ್ನೊಂದು ಜೀವ ಹೋಗೂದು ಬ್ಯಾಡ."

ಚೇಳಾಗಿದ್ದಾಗ ಆ ಹುಳವನ್ನು ಓಡಿಸಲು ಊರೆಲ್ಲ ಸಿದ್ಧವಿತ್ತು. ಪಾಪದ್ದೆಂದು ಗೊತ್ತಾದ ಮೇಲೆ ಅದನ್ನು ಅಲುಗಿಸುವವರೇ ಇಲ್ಲವಾದರು.

ಸಾವಕಾರರು ಕಂಬಳಿಯ ಮೇಲೆ ಕೂತರು. "ಸಿಟ್ಟಿಲ್ಲ ನನಗ. ಕೂಡತೀನಿ ಇಲ್ಲೇ. ಅದು ಹೊರಗ ಹೋದದ್ದ ಯಾರರೆ ಒಬ್ಬರು ಕಣ್ಣಿಲೆ ನೋಡಿ ಹೇಳಿದರ ಸಾಕು. ಆಮ್ಯಾಲ ನೇಯಿ. ಹೊತ್ತು ಐತಿ ಇನ್ನೂ."

ಯಾರಾದರೂ ಒಬ್ಬರು ಕಣ್ಣಿಂದ ನೋಡಿ ಹೇಳಿದರೆ ಸಾಕು. ರೇವಪ್ಪ ಲಾಳಿಯನ್ನು ಕೈಯಲ್ಲಿ ಹೊರಳಿಸಿದ. ಈಗ ಹೇಳಬಹುದು. ಹೇಳಿದರೆ ಸಾವಕಾರರು ಕೇಳುತ್ತಾರೆ: ಯಾವಾಗ? ಬೆಳಿಗ್ಗೆ. ಹಾಗಾದರೆ ಈ ಮಂತ್ರ, ಈ ಸಾಕ್ಷಿ, ಈ ಹೆಬ್ಬೆಟ್ಟು ಯಾಕೆ? ಇದಕ್ಕೆ ಇದ್ದ ಉತ್ತರ ಬಾಯಿಗೆ ಬರುವಂಥದಾಗಿರಲಿಲ್ಲ. ಬಾಗಿಲ ಬಳಿ ಶಿದ್ರಾಮಪ್ಪ ಕೆಮ್ಮಿದ. ಹೊಸ್ತಿಲು ನೋಡಿದ. ಮತ್ತೆ ಕೆಮ್ಮಿದ. ಯಾರೋ ನೀರು ತಂದುಕೊಟ್ಟರು, ಕುಡಿದ.

ಆಗ ರೇವಪ್ಪನಿಗೆ ಒಂದು ಯೋಚನೆ ಹೊಳೆಯಿತು. ಸಗಣಿ ತಿಪ್ಪೆಯಲ್ಲಿ ಇರುತ್ತದೆ ಎಂದು ಪುಸ್ತಕವೇ ಹೇಳಿತ್ತು.

"ಹಿತ್ತಲಕ್ಕ ಹೋಗಿ ಬರತೇನ್ರಿ," ಎಂದು ಎದ್ದ.

ಹಿತ್ತಿಲಲ್ಲಿ ತಿಪ್ಪೆಯನ್ನು ಎರಡೂ ಕೈಯಿಂದ ಕೆದರಿದ. ಮೂರು ಎರೆಹುಳ, ಒಂದು ಸಗಣಿ ದುಂಬಿ, ಮುದಕವ್ವನ ಮನೆಯ ಕಳೆದುಹೋದ ಚಮಚ ಸಿಕ್ಕವು. ಕೊನೆಗೆ ಹಸಿ ಸಗಣಿಯ ಪದರಿನ ಕೆಳಗಿಂದ ಗಿಡ್ಡ ಕೋಟಿನದೊಂದು ಓಡಿತು. ಬಾಲವನ್ನೂ ಎತ್ತಿತು. ಬೆಳಿಗ್ಗೆ ಹಾರಿ ಓಡಿದವನು ಈಗ ಅದರ ಹಿಂದೆ ಮೊಣಕಾಲೂರಿ ತೆವಳಿ, ಖಾಲಿ ಕಂಡಿಕೆಯ ಕೊಳವೆಯಲ್ಲಿ ಹಿಡಿದು, ಅದರ ಎರಡೂ ಬಾಯಿಯನ್ನು ಬೆರಳಿನಿಂದ ಮುಚ್ಚಿದ. ಕೈ ತೊಳೆಯಲು ಹೊತ್ತಿರಲಿಲ್ಲ.

ಒಳಗೆ ಬಂದು ಕುಣಿಯ ಅಂಚಿನಲ್ಲಿ ಬೋರಲು ಮಲಗಿದ. "ಬಂತು, ಬಂತು! ಮ್ಯಾಲ ಬರಾಕತ್ತೈತಿ! ಸದ್ದ ಮಾಡಬ್ಯಾಡ್ರಿ!" ಎಂದು ಕೂಗಿ, ಕೈ ಒಳಗೆ ಹಾಕಿ, ಸ್ವಲ್ಪ ಹೊತ್ತು ಒದ್ದಾಡಿ, ಮುಷ್ಟಿ ಮೇಲೆತ್ತಿದ. "ಸಿಕ್ತು!"

ಮನೆಯಲ್ಲಿ ಚಪ್ಪಾಳೆ ಬಿತ್ತು. ಶೇವಂತಿ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅವಳ ಮೂಗಿಗೆ ಗಂಡನ ಕೈಯ ವಾಸನೆ ಬಂದಿತ್ತು.

"ತಡೀರಿ, ತಡೀರಿ," ಎಂದರು ಮಾಸ್ತರರು. ಹುಳವನ್ನು ಗಾಜಿನ ಲೋಟದ ಕೆಳಗೆ ಇಟ್ಟು, ಚಷ್ಮಾ ಒರೆಸಿ ಹಾಕಿಕೊಂಡು, ವಹಿ ಬಿಚ್ಚಿದರು. ಬಹಳ ಹೊತ್ತು ನೋಡಿದರು. "ರೇವಪ್ಪಾ, ನಿನ್ನ ಹುಳ ಪೂರಾ ಕರೇದು ಇತ್ತಲ್ಲ?"

"ಹೌದ್ರಿ," ಎಂದುಬಿಟ್ಟ ರೇವಪ್ಪ.

"ಇದರ ರೆಕ್ಕಿ ಇಟ್ಟಂಗಿ ಬಣ್ಣದ್ದವ."

ಎಲ್ಲರೂ ಬಗ್ಗಿ ನೋಡಿದರು. ಲೋಟದ ಕೆಳಗೆ ಹುಳ ಇಟ್ಟಿಗೆ ಬಣ್ಣದ ಕೋಟು ತೊಟ್ಟು ಮದುಮಗನಂತೆ ಅಡ್ಡಾಡುತ್ತಿತ್ತು.

"ಬೆಳಕಿಗೆ ಹಂಗ ಕಾಣತೈತ್ರಿ..." ಎಂದ ರೇವಪ್ಪ.

"ಬಣ್ಣದಾಗ ನನ್ನ ಕಣ್ಣ ತಪ್ಪೂದಿಲ್ಲ ಅಂತ ನೀನ ಹೇಳಿ ಹೆಬ್ಬಟ್ಟ ಒತ್ತೀದಿ. ಇಲ್ಲೇ ಬರದೀನಿ. ಇದು ಅದಲ್ಲ, ಇದು ಬ್ಯಾರೆ. ಅಂದರ ಕುಣ್ಯಾಗ ಇರೂದು ಒಂದಲ್ಲ, ಎರಡು!"

"ಗಂಡ ಹೆಂಡತಿ!" ಎಂದಳು ಮುದಕವ್ವ. "ಸಂಸಾರ ಹೂಡ್ಯಾವ್ರೆವ್ವಾ!"

"ಬಣ್ಣ ಬ್ಯಾರೆ ಇದ್ದರ ಜಾತಿನೂ ಬ್ಯಾರೆ ಇರಬಹುದಲ್ರಿ," ಎಂದು ರೇವಪ್ಪ ಮಾಸ್ತರರ ಕಡೆ ಕೈಮುಗಿಯುವಂತೆ ನೋಡಿದ.

"ಏ, ನವಿಲ ನೋಡಿಲ್ಲೇನೋ?" ಎಂದು ಮುದಕವ್ವ ಗದರಿದಳು. "ಗಂಡಿನ ಬಣ್ಣ ಬ್ಯಾರೆ, ಹೆಣ್ಣಿನ ಬಣ್ಣ ಬ್ಯಾರೆ."

ಮಾಸ್ತರರು ಪುಟ ತಿರುವಿದರು. ನವಿಲಿನ ವಿಷಯ ಪುಸ್ತಕದಲ್ಲಿ ಏನೂ ಇರಲಿಲ್ಲ. ಆದರೆ ಇಷ್ಟು ಜನರೆದುರು ಗೊತ್ತಿಲ್ಲ ಎನ್ನುವುದು ಅವರ ಅಭ್ಯಾಸವೂ ಅಲ್ಲ. "ಇದ್ದರೂ ಇರಬಹುದು," ಎಂದರು.

ಸಾವಕಾರರು ಎದ್ದು ಬಂದು ಲೋಟದ ಮುಂದೆ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. "ಒಳಗ ಇರೂದು ಹೆಣ್ಣು. ತತ್ತಿ ಇಡಾಕ ತಂಪು ಜಾಗಾ ಹುಡುಕಿ ಬಂದೈತಿ. ನೋಡ್ರಿ, ನನ್ನ ಮಗಳು ತವರಿಗೆ ಬಂದಂಗ ಇದೂ ಬಂದೈತಿ. ಮಾಸ್ತರ, ಮರಿ ಆಗಿ ಹೋಗಾಕ ಎಷ್ಟು ದಿನ ಬೇಕು?"

ಇದು ಮಾತ್ರ ಪುಸ್ತಕದಲ್ಲಿತ್ತು. "ಒಂದ ತಿಂಗಳು ಹಿಡಕೋರಿ."

"ಆತು. ಒಂದ ತಿಂಗಳು ಈ ಕುಣ್ಯಾಗ ಯಾರೂ ಕಾಲಿಡಬ್ಯಾಡ್ರಿ." ಸಾವಕಾರರು ಲೋಟವನ್ನು ತಾವೇ ಎತ್ತಿ ಒಯ್ದು, ಕುಣಿಯ ಅಂಚಿನಲ್ಲಿ ಮೆಲ್ಲಗೆ ಓರೆ ಮಾಡಿದರು. "ಹೋಗಪ್ಪಾ, ಆಕಿ ಹಾದಿ ನೋಡಾಕತ್ತಾಳ." ಇಟ್ಟಿಗೆ ಬಣ್ಣದ ಕೋಟಿನ ಹುಳ ಕತ್ತಲೊಳಗೆ ಇಳಿದುಹೋಯಿತು. ಬೆಳಗಿನಿಂದ ಖಾಲಿಯಿದ್ದ ಕುಣಿಯಲ್ಲಿ ಈಗ ನಿಜವಾಗಿಯೂ ಒಂದು ಹುಳವಿತ್ತು.

ಸಾವಕಾರರು ರೇವಪ್ಪನ ಹೆಗಲ ಮೇಲೆ ಕೈಯಿಟ್ಟರು. "ಕುಬಸ ನಾಳೆ ಐತಿ, ನಾ ಸೀರಿ ಒಯ್ಯಬೇಕು. ರೇಷ್ಮಿ ಕೆಲಸ ನಿಂದ್ರೂದಿಲ್ಲ, ಅದಕ್ಕೂ ಒಂದು ಮಗ್ಗ ನೋಡಬೇಕು. ತಪ್ಪು ತಿಳಕೋಬ್ಯಾಡ. ನಿನ್ನ ಪುಣ್ಯ ದೊಡ್ಡದು, ಒಂದು ಸಂಸಾರಕ್ಕ ಜಾಗಾ ಕೊಟ್ಟಿ."

ಅವರು ಪಕ್ಕದ ಮನೆಗೆ ಹೋದರು. ಶಿದ್ರಾಮಪ್ಪನ ಸೀರೆ ಕೊಯ್ದು ಮಡಚುವ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಆಮೇಲೆ ಟಾಂಗಾದ ಗೆಜ್ಜೆ. ಆಮೇಲೆ ಓಣಿಯ ಮಗ್ಗಗಳು ಒಂದೊಂದಾಗಿ ಸುರುವಾದವು. ರೇವಪ್ಪನ ಮಗ್ಗದ ಮೇಲೆ ಕೆಂಪು ಸೆರಗು ಒಂದು ಮೊಳ ಕಡಿಮೆಯಾಗಿಯೇ ನಿಂತಿತ್ತು. ಶೇವಂತಿ ಅದರ ಮೇಲೆ ಧೂಳು ಕೂಡದಂತೆ ಒಂದು ಬಟ್ಟೆ ಹೊದಿಸಿದಳು. ಗಂಡನ ಮುಂದೆ ನೀರಿನ ಚರಿಗೆ ತಂದಿಟ್ಟು, "ಕೈ ತೊಳಕೋರಿ," ಎಂದಳು.

ದೀಪ ಹಚ್ಚುವ ಹೊತ್ತಿಗೆ ಶಿದ್ರಾಮಪ್ಪ ಬಂದ. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತು, "ರೇವಪ್ಪಾ, ಸ್ವಲ್ಪ ಹೊರಗ ಬಾ," ಎಂದ. ಇಬ್ಬರೂ ಕಟ್ಟೆಯ ಮೇಲೆ ಕೂತರು.

"ನನ್ನ ಕೈಲೆ ಉಣ್ಣಾಕ ಆಗವಲ್ದೋ," ಎಂದ ಶಿದ್ರಾಮಪ್ಪ. "ಆ ಹುಳ ಕುಣ್ಯಾಗ ಇಲ್ಲ. ಮುಂಜಾನೆನ ಹೋತು. ನನ್ನ ಎರಡೂ ಕಾಲಾಗಿಂದ ಹಾದು ಬೀದಿಗೆ ಇಳೀತು. ನಾ ಈ ಕಣ್ಣಿಲೆ ನೋಡೇನಿ."

ರೇವಪ್ಪ ಅವನ ಮುಖವನ್ನೇ ನೋಡಿದ.

"ಹೇಳಾಕ ಬಾಯಿ ತಗದೆ. ಅಷ್ಟರಾಗ ಆ ಮುದುಕಿ ಮೂಲ್ಯಾಗ ಐತಿ ಅಂದ್ಲು. ನೀನೂ ಸುಮ್ಮನಿದ್ದಿ. ಪಾಪ, ಇಂವಗ ಗೊತ್ತಿಲ್ಲ, ಒಂದ ಗಳಿಗಿ ತಡದರ ನನಗ ರೇಷ್ಮಿ ಕೆಲಸ ಬಂದೀತು ಅಂತ ಮನಸ್ಸು ಕೆಟ್ಟಿತೋ. ಸಾವಕಾರ್ರು ಕೇಳಿದಾಗೂ ಹೇಳಬೇಕಂದೆ. ಕೆಮ್ಮು ಬಂತು." ಶಿದ್ರಾಮಪ್ಪ ಮೂಗು ಒರೆಸಿಕೊಂಡ. "ನಾಳೆ ಮುಂಜಾನೆ ರಬಕವಿಗೆ ಹೋಗಿ ಅವರ ಮುಂದ ಎಲ್ಲಾ ಹೇಳತೀನಿ. ಮುಂಜಾನೆನ ಕುಣಿ ಖಾಲಿ ಇತ್ತು ಅಂತೀನಿ. ಕೆಲಸ ನಿನಗ ಕೊಡಲಿ."

ಕುಣಿ ಬೆಳಿಗ್ಗೆಯೇ ಖಾಲಿ ಇತ್ತು ಎಂದು ಸಾವಕಾರರಿಗೆ ಗೊತ್ತಾದರೆ, ಮಧ್ಯಾಹ್ನ ಅದರೊಳಗಿಂದ ರೇವಪ್ಪ ಹಿಡಿದದ್ದು ಏನು, ಎಲ್ಲಿಂದ ಬಂತು ಎಂಬ ಮಾತು ಬರುತ್ತಿತ್ತು. ಹುಳವನ್ನು ಮಗಳೆಂದು ಕಣ್ಣೀರು ತಂದುಕೊಂಡವರ ಮುಂದೆ ತಿಪ್ಪೆಯ ಹೆಸರು ಹೇಳಬೇಕಾಗುತ್ತಿತ್ತು.

"ಬ್ಯಾಡ!" ಎಂದ ರೇವಪ್ಪ. ತಾನೇ ಬೆಚ್ಚುವಷ್ಟು ಜೋರಾಗಿ ಹೇಳಿದ. ಆಮೇಲೆ ದನಿ ಇಳಿಸಿದ. "ಬ್ಯಾಡೋ ಶಿದ್ರಾಮಪ್ಪಾ. ಆದದ್ದು ಆತು. ಯಾರ ಮುಂದೂ ಹೇಳಬ್ಯಾಡ. ರೇಷ್ಮಿ ನೀನ ನೇಯಿ. ನನ್ನಾಣಿ."

ಶಿದ್ರಾಮಪ್ಪ ಬಾಯಿ ತೆರೆದು ಅವನನ್ನು ನೋಡಿದ. ಆಮೇಲೆ ಕಟ್ಟೆಯಿಂದ ಇಳಿದು, ಬೀದಿಯಲ್ಲಿ ನಿಂತು, ರೇವಪ್ಪನ ಎರಡೂ ಪಾದ ಮುಟ್ಟಿದ. "ನಿನ್ನಂಥಾ ಮನಷಾನ ನಾ ನೋಡಿಲ್ಲೋ ಯಪ್ಪಾ. ನಿನಗ ನಾವು ಹಲ್ಲಿ ರೇವಪ್ಪ ಅಂತಿದ್ವಿ," ಎಂದು ಬಿಕ್ಕಿದ. ಎದುರು ಮನೆಯ ಮುದಕವ್ವ ಬಾಗಿಲಿಗೆ ಬಂದಳು. ಇನ್ನೆರಡು ಬಾಗಿಲು ತೆರೆದವು. ಯಾಕೆ, ಏನು ಎಂದು ತಿಳಿಯದಿದ್ದರೂ, ಒಬ್ಬ ನೇಕಾರ ಇನ್ನೊಬ್ಬನ ಕಾಲಿಗೆ ಬಿದ್ದು ಅಳುವುದನ್ನು ಓಣಿ ನಿಂತು ನೋಡಿತು.

ರೇವಪ್ಪ ಅವನನ್ನು ಹಿಡಿದೆತ್ತಿದ. ಬಾಯಿ ತೆರೆದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಮುಚ್ಚಿದ.

ಹುಳ ಹೋದದ್ದನ್ನು ತಾನೂ ನೋಡಿದ್ದೆ ಎಂದು ರೇವಪ್ಪ ಶಿದ್ರಾಮಪ್ಪನಿಗೆ ಹೇಳಲಿಲ್ಲ.